ಹೊಸ ದಾರದ ಬೋರಮಾಳ

ಉಜ್ವಲಾಳ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಬೀಗರ ಬಿಳಿ ಕಾರು ಭೋಜ ಎಂಬ ಊರಿಗೆ ಬಂದು ಅವಳ ತಂದೆ ಕಾಮಣ್ಣನ ಮನೆಯ ಮುಂದೆ ನಿಂತಿತು. ಕಾರಿನಿಂದ ಮೊದಲು ಹೊರಬಂದದ್ದು ಮೂರು ಕಾಲಿನ ಒಂದು ಸ್ಟ್ಯಾಂಡು. ಅದರ ಹಿಂದೆ ಅಮಿತ ಇಳಿದ. ಸತ್ತವಳ ಗಂಡ. ಬಿಳಿ ಜುಬ್ಬಾ ತೊಟ್ಟು ಹನ್ನೆರಡು ದಿನದ ಗಡ್ಡ ಬಿಟ್ಟಿದ್ದ. ಗಡ್ಡದ ಅಂಚನ್ನು ಮಾತ್ರ ಕ್ಷೌರದವನ ಹತ್ತಿರ ಗೆರೆ ಹೊಡೆದಂತೆ ತಿದ್ದಿಸಿಕೊಂಡಿದ್ದ. ಆಮೇಲೆ ಅವನ ತಾಯಿ ಸೋನಾಬಾಯಿ ಇಳಿದಳು. ಅಂಗಳದಲ್ಲಿ ಕಟ್ಟಿದ್ದ ಆಡುಗಳ ನಾತ ಬಡಿದು ಸೆರಗನ್ನು ಮೂಗಿಗೆ ಹಿಡಿದಳು. ಮನೆಯೊಳಗಿನಿಂದ ಯಾರೋ ಹೊರಬಂದದ್ದು ಕಂಡ ಕೂಡಲೇ ಅದೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಒಂದೇ ಸೆರಗು ಎರಡೂ ಕೆಲಸಕ್ಕೆ ಸಾಕಾಯಿತು.

ಮೂರನೆಯವನಾಗಿ ಇಳಿದವನು ದುಂಡೇಶ. ಕಾಮಣ್ಣನ ಹೆಂಡತಿ ಸಾವಿತ್ರೆವ್ವನ ಒಡಹುಟ್ಟಿದ ತಮ್ಮ, ಪಂಚಾಯ್ತಿ ಮೆಂಬರ. ಐದು ವರ್ಷದ ಹಿಂದೆ ಉಜ್ವಲಾಳನ್ನು ಕಾಗವಾಡ ಕಡೆಯ ಈ ದ್ರಾಕ್ಷಿ ತೋಟದವರ ಮನೆಗೆ ಕೊಡಿಸಿದವನು ಅವನೇ. ನಲವತ್ತು ಎಕರೆ ಕಬ್ಬು, ಹದಿನೆಂಟು ಎಕರೆ ದ್ರಾಕ್ಷಿ ಇರುವ ಅಮಿತನ ತಂದೆ ಧರೆಪ್ಪನಂಥವರು ಆಡು ಮೇಯಿಸುವ ಕಾಮಣ್ಣನ ಬಾಗಿಲಿಗೆ ಬಂದದ್ದು ತನ್ನ ಮುಖ ನೋಡಿ ಎಂದು ಅವನು ಅಂದಿನಿಂದ ಹೇಳಿಕೊಂಡು ಬಂದಿದ್ದ. ಉಜ್ವಲಾ ಸತ್ತ ಮೇಲೂ ಹೇಳುವುದನ್ನು ಬಿಟ್ಟಿರಲಿಲ್ಲ.

ಇವತ್ತು ಅವರು ಬಂದದ್ದು ಉಜ್ವಲಾಳ ತಂಗಿ ಭಾಗ್ಯಾಳ ಉಡಿ ತುಂಬಿ, ಅವಳನ್ನು ಅಮಿತನಿಗೆ ಗೊತ್ತು ಮಾಡಲು.

ಅಕ್ಕ ಸತ್ತ ಮನೆಗೆ ತಂಗಿಯನ್ನು ಕೊಡುವುದು ಈ ಕಡೆ ಹೊಸದಲ್ಲ. ಸಣ್ಣ ಮಕ್ಕಳಿದ್ದರೆ ಮಕ್ಕಳ ಸಲುವಾಗಿ ಎನ್ನುತ್ತಾರೆ. ಉಜ್ವಲಾಗೆ ಮಕ್ಕಳಿರಲಿಲ್ಲ, ಅದನ್ನು ಸೋನಾಬಾಯಿ ಅವಳು ಬದುಕಿರುವಾಗ ದಿನಕ್ಕೆ ನಾಲ್ಕು ಸಲ ನೆನಪು ಮಾಡುತ್ತಿದ್ದಳು. ಹಾಗಾದರೆ ಯಾರ ಸಲುವಾಗಿ ಎಂದು ಭಾಗ್ಯಾ ಕೇಳಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಚಿಕ್ಕೋಡಿಯಲ್ಲಿ ನರ್ಸಿಂಗ್ ಎರಡನೆಯ ವರ್ಷ ಓದುತ್ತಿದ್ದಳು. ಕಾಮಣ್ಣ ಹೆಗಲ ಮೇಲಿನ ಟವೆಲ್ಲು ಕೊಡವಿ, "ನಿಮ್ಮ ಮಾಮಾ ಮಾತ ಕೊಟ್ಟಾನವಾ," ಎಂದಿದ್ದ. ಹುಡುಗಿಯ ಮದುವೆಯಲ್ಲಿ ಸೋದರಮಾವನ ಮಾತು ದೊಡ್ಡದು, ಅದರಲ್ಲೂ ಆ ಸೋದರಮಾವನಿಗೆ ಒಂದು ಮೋಟರ್‌ಸೈಕಲ್ಲು, ಒಂದು ಮೆಂಬರಕಿ ಇದ್ದರೆ.

ಯಾರ ಸಲುವಾಗಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಮೂರು ಲಕ್ಷ ಮಂದಿಯ ಸಲುವಾಗಿ.

ಉಜ್ವಲಾ ಮದುವೆಯಾದ ಮರುವರ್ಷ ರೊಟ್ಟಿ ಬಡಿಯುವುದನ್ನು ಫೋನಿನಲ್ಲಿ ವಿಡಿಯೊ ಹಿಡಿದು ನೆಟ್ಟಿಗೆ ಹಾಕಿದ್ದಳು. ಅವಳ ಕೈಯಲ್ಲಿ ರೊಟ್ಟಿ ತಿರುಗುವ ರೀತಿಗೋ, ನಗುತ್ತ ಮಾತಾಡುವ ಭೋಜಿನ ಧಾಟಿಗೋ, ಜನ ಮುಗಿಬಿದ್ದರು. ಆಮೇಲೆ ದ್ರಾಕ್ಷಿ ಕೊಯ್ಯುವುದು, ಅದನ್ನು ಒಣಗಿಸಿ ಮಣೂಕ ಮಾಡುವುದು, ಎಮ್ಮೆ ಹಿಂಡುವುದು, ಹಬ್ಬದ ಹೋಳಿಗೆ, ಒಂದೊಂದೂ ವಿಡಿಯೊ ಆಯಿತು. 'ತೋಟದ ವೈನಿ' ಎಂದು ಹೆಸರಿಟ್ಟುಕೊಂಡಿದ್ದಳು. ಈ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. ಮೂರು ವರ್ಷದಲ್ಲಿ ಮೂರು ಲಕ್ಷ ಮೈದುನರಾದರು. ಅವಳು ಅಥಣಿ ಸಂತೆಗೆ ಹೋದರೆ ಕಾಯಿಪಲ್ಲೆ ಮಾರುವವರು ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು.

ಅಮಿತನಿಗೆ ಇದು ಬೇಕೂ ಬೇಕಿತ್ತು, ಬೇಡವೂ ಆಗಿತ್ತು. ಹೆಂಡತಿಯ ಹೆಸರಿನ ಟೀಶರ್ಟು ಹಾಕಿಕೊಂಡು ಧಾಬಾದಲ್ಲಿ ಕೂತಿರುತ್ತಿದ್ದ. ಮನೆಗೆ ಬಂದು ಯಾವನೋ ಕುನಾಲ ಎನ್ನುವವನು ಹೃದಯದ ಚಿತ್ರ ಯಾಕೆ ಕಳಿಸಿದ ಎಂದು ಅವಳ ತೋಳು ತಿರುವುತ್ತಿದ್ದ. ಮರುದಿನ ಬೆಳಿಗ್ಗೆ ವಿಡಿಯೊ ಹಾಕುವುದು ತಪ್ಪಿದರೆ ಅದಕ್ಕೂ ಹೊಡೆತ. ಅವಳು ಉದ್ದ ತೋಳಿನ ಕುಪ್ಪಸ ಹೊಲಿಸಿದಳು. ಕಾಗವಾಡದ ಏಪ್ರಿಲ್ ಬಿಸಿಲಲ್ಲಿ ಮಣಿಕಟ್ಟಿನವರೆಗೆ ತೋಳು. ನೋಡಿದ ಹೆಂಗಸರಿಗೆ ಅದು ಹೊಸ ಫ್ಯಾಷನ್ನಾಗಿ ಕಂಡಿತು. ಆ ಬೇಸಿಗೆ ಅಥಣಿಯ ದರ್ಜಿಗಳು ಅಳತೆ ತೆಗೆಯುವಾಗ "ವೈನಿ ತೋಳ ಇಡ್ಲೇನ್ರಿ?" ಎಂದು ಕೇಳುತ್ತಿದ್ದರು. ಎಷ್ಟೋ ಹೆಂಗಸರು ಆ ತೋಳಿಟ್ಟುಕೊಂಡು, ಬೆವತುಕೊಂಡು, ಮದುವೆಮನೆಗಳಲ್ಲಿ ತಿರುಗಾಡಿದರು. ಒಬ್ಬಳೂ ಅದರ ಒಳಗೇನಿದೆ ಎಂದು ಕೇಳಲಿಲ್ಲ.

ಮೂರು ಸಲ ಅವಳು ತವರಿಗೆ ಓಡಿ ಬಂದಿದ್ದಳು. ಮೊದಲ ಸಲ ಮುಂಗೈ ಮೇಲೆ ಹಂಚಿನ ಅಂಚಿನ ಸುಟ್ಟ ಗುರುತಿತ್ತು. ಎರಡನೆಯ ಸಲ ಕಿವಿಯಿಂದ ನೀರು ಸೋರುತ್ತಿತ್ತು. ಮೂರನೆಯ ಸಲ ಏನೂ ಕಾಣುತ್ತಿರಲಿಲ್ಲ, ಬಾಯಿಂದ ಹೇಳಿದಳು: "ಅವ್ವಾ, ಈಗೀಗ ಅಂವ ಕುತ್ಗಿಗೆ ಕೈ ಹಾಕ್ತಾನ."

ಪ್ರತಿ ಸಲವೂ ದುಂಡೇಶ ಬಂದು ನ್ಯಾಯ ಮಾಡಿದ. ಅವನ ನ್ಯಾಯ ಅರ್ಧ ತಾಸಿನದು. ಚಹಾ ಕುಡಿಯುತ್ತಿದ್ದ, ಗಂಡಸರ ಸಿಟ್ಟು ಎಂದರೆ ಏನು ಎಂದು ಗಂಡಸರಿಗೇ ವಿವರಿಸುತ್ತಿದ್ದ, ಆಮೇಲೆ ಅಕ್ಕನ ಕಡೆ ತಿರುಗಿ, "ಉಡಿ ತುಂಬಿ ಕಳಸ," ಎನ್ನುತ್ತಿದ್ದ. ಸಾವಿತ್ರೆವ್ವ ಅಕ್ಕಿ, ಕುಬಸದ ಖಣ, ಒಂದು ಒಣಕೊಬ್ಬರಿ ಬಟ್ಟಲು, ಐದು ಉತ್ತತ್ತಿ ಹಾಕಿ ಮಗಳ ಸೆರಗು ತುಂಬುತ್ತಿದ್ದಳು. ಮೂರನೆಯ ಸಲವೂ ತುಂಬಿದಳು. ಕುತ್ತಿಗೆಯ ಮಾತು ಕಿವಿಯಿಂದ ಕೇಳಿ, ಕೈಯಿಂದ ಅಕ್ಕಿ ಹಾಕಿದಳು. ಅದನ್ನು ಅವಳು ಯಾರ ಮೇಲೂ ಹಾಕುವಂತಿರಲಿಲ್ಲ.

ಸಾಯುವ ನಾಲ್ಕು ದಿನ ಮೊದಲು ಉಜ್ವಲಾ ಫೋನು ಮಾಡಿದ್ದಳು. "ಸೋಮವಾರ ಬರ್ತೇನಿ ಅವ್ವಾ. ಈ ಸಲ ಮಾಮಾಗ ಹೇಳಬ್ಯಾಡ. ನಾ ತಿರಗಿ ಹೋಗಂಗಿಲ್ಲ." ಸಾವಿತ್ರೆವ್ವ ತಮ್ಮನಿಗೆ ಹೇಳಲಿಲ್ಲ. ಕಾಮಣ್ಣನಿಗೆ ಹೇಳಿದಳು. ಕಾಮಣ್ಣ ಮೈದುನನಿಗೆ ಹೇಳಿದ. ದುಂಡೇಶ ಒಳ್ಳೆಯದಕ್ಕೆಂದೇ ಬೀಗರಿಗೆ ತಿಳಿಸಿದ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸುದ್ದಿ ಬಂತು: ಜಳಕ ಮಾಡುವಾಗ ಎದೆ ನಿಂತು ಹೋದಳು.

ಭೋಜಿನವರು ಹೋಗಿ ಮುಟ್ಟಿದಾಗ ಮಧ್ಯಾಹ್ನ ಎರಡು. ಮುತ್ತೈದೆಯಾಗಿ ಸತ್ತವಳ ಮೈಗೆ ತವರಿನ ಹೆಂಗಸರು ನೀರು ಹಾಕಬೇಕು, ತವರಿನ ಸೀರೆ ಉಡಿಸಬೇಕು. ಸಾವಿತ್ರೆವ್ವ ದಾರಿಯಲ್ಲಿ ಚಿಕ್ಕೋಡಿಯಲ್ಲಿ ಇಳಿದು ಹಸಿರು ಸೀರೆ ತಂದಿದ್ದಳು. ಅಲ್ಲಿ ನೋಡಿದರೆ ಎಲ್ಲ ಮುಗಿದಿತ್ತು. ಮೈ ತೊಳೆದು, ಜರಿಯ ಸೀರೆ ಉಡಿಸಿ, ಕುರ್ಚಿಯಲ್ಲಿ ಕೂಡಿಸಿ, ಗದ್ದದವರೆಗೆ ಸೇವಂತಿಗೆ ಹಾರ ಹಾಕಿದ್ದರು. ಒಂದರ ಮೇಲೊಂದು ಎಂಟೋ ಹತ್ತೋ ಹಾರ. "ಮಂದಿ ಭಾಳ ಬರಾಕತ್ತಿತ್ರಿ, ಬಿಸಲ ಬ್ಯಾರೆ," ಎಂದಳು ಸೋನಾಬಾಯಿ. ಮಂದಿ ಬಂದದ್ದು ನಿಜ. ಅಥಣಿ, ರಾಯಬಾಗದಿಂದ ಹುಡುಗರು ಗಾಡಿ ಹಾಕಿಕೊಂಡು ಬಂದಿದ್ದರು. ಒಬ್ಬೊಬ್ಬರೂ ಹೆಣದ ಮುಂದೆ ಕಣ್ಣೀರು ಒರೆಸಿಕೊಂಡು, ಕೈ ಚಾಚಿ ಫೋನು ಹಿಡಿದು, ತಾವೂ ಅವಳೂ ಚೌಕಟ್ಟಿನಲ್ಲಿ ಬರುವಂತೆ ನೋಡಿಕೊಂಡರು. ಸಾವಿತ್ರೆವ್ವ ಹಾರ ಸರಿಸಿ ಮಗಳ ಮುಖ ಪೂರ್ತಿ ನೋಡಲು ಕೈ ಚಾಚಿದಳು. ದುಂಡೇಶ ಆ ಕೈ ಹಿಡಿದ. "ಅಕ್ಕಾ, ಮಂದಿ ನೋಡಾಕತ್ತಾರ." ಸಂಜೆಯೊಳಗೆ ದ್ರಾಕ್ಷಿ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು.

ಅದಾದ ಹನ್ನೆರಡನೆಯ ದಿನ ಇದು.

ಅಮಿತ ಪಡಸಾಲೆಯಲ್ಲಿ ಸ್ಟ್ಯಾಂಡು ನಿಲ್ಲಿಸಿ ಫೋನು ಸಿಕ್ಕಿಸಿದ. ಕಣ್ಣು ಕಿರಿದು ಮಾಡಿ ನೋಡಿದ.

"ಅತ್ತೀರಿ, ಹಿಂದಿನ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತಗೀರಿ. ಗೊಬ್ಬರದ ಅಂಗಡೀದು ಕಾಣತೈತಿ. ಚಂದ ಬರಂಗಿಲ್ಲ."

"ಯಾತಕ್ಕ ಇದು?" ಸಾವಿತ್ರೆವ್ವ ಕೇಳಿದಳು.

"ಲೈವ್ ಐತ್ರಿ. ಮಂದಿ ಕಮೆಂಟಿನ್ಯಾಗ ಏನೇನೋ ಬರ್ಯಾಕತ್ತಾರ. ವೈನಿ ಹೆಂಗ ಸತ್ರು, ಮೈಗೆ ಹುಷಾರಿತ್ತಲ್ಲ, ಹಂಗ ಹಿಂಗ. ನೀವು ನಮ್ಮ ಸಂಗಾಟ ಕುಂತಿದ್ದ ನೋಡಿದ್ರ ಬಾಯಿ ಮುಚ್ಕೋತಾರ. ನೀವೇನ ಮಾತಾಡೂದ ಬ್ಯಾಡ. ಅಳಿಯಂದ್ರು ನಮ್ಮ ಹುಡಿಗೀನ್ನ ಹೂವಿನಂಗ ನೋಡ್ಕೊಂಡಿದ್ರು ಅಂದ್ರ ಸಾಕು."

"ಇಷ್ಟ ಸಾಕೇನು?"

ಅವಳ ದನಿ ಅವನಿಗೆ ಗೊತ್ತಾಗಲಿಲ್ಲ. "ಬೇಕಂದ್ರ ಒಂದೀಟ ಅಳ್ರಿ," ಎಂದ.

"ಭಾಗ್ಯಾ ಎಲ್ಲಿ ಅದಾಳ?" ಸೋನಾಬಾಯಿ ಒಳಗೆ ಇಣುಕಿದಳು. "ಬಾ ಬೇ, ನಾಚಬ್ಯಾಡ. ಅಯ್ಯ ನೋಡ್ರಿ, ಥೇಟ್ ಅಕ್ಕನ ಮಾರಿ! ನಗೂದೂ ಹಂಗ. ಮಂದಿಗೆ ಫರಕ ಗೊತ್ತ ಆಗಂಗಿಲ್ಲ."

ಭಾಗ್ಯಾ ನಕ್ಕಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, "ನಾ ಒಲ್ಲೆ," ಎಂದಳು.

"ಏನಂದೀ?" ಎಂದ ದುಂಡೇಶ.

"ನಾ ಒಲ್ಲೆ ಮಾಮಾ. ಹೋದ ವಾರಾನೂ ಹೇಳೇನಿ."

"ಸಣ್ಣಾಕಿ ನೀ. ಮನಿಗೆ ಬಂದ ಪಾವಣ್ಯಾರ ಮುಂದ ಹಿಂಗ ಮಾತಾಡ್ತಾರೇನ? ಮಾವಾರ, ನಿಮ್ಮ ಮಗಳಿಗೆ ಒಂದೀಟ ಹೇಳ್ರಿ." ಕಾಮಣ್ಣ ಆಡುಗಳ ಕಡೆ ನೋಡಿದ. ಆಡುಗಳಿಗೆ ಮೇವು ಬೇಕಿರಲಿಲ್ಲ, ಆದರೂ ಎದ್ದು ಹೋಗಿ ಎರಡು ಸೊಪ್ಪು ಎಸೆದು ಬಂದ.

ಸಾವಿತ್ರೆವ್ವ ಮಗಳನ್ನು ನೋಡಿದಳು. ಒಮ್ಮೆ ಉಡಿ ತುಂಬಿದರೆಂದರೆ ಮಾತು ಬಿಗಿಯಿತು. ಮತ್ತೆ ಹಿಂದೆ ತೆಗೆದುಕೊಳ್ಳುವುದು ಈ ಮಂದಿಯಲ್ಲಿಲ್ಲ. ಹಿಂದೆ ತೆಗೆದುಕೊಂಡರೆ ತಮ್ಮನ ಮನೆಯ ಬಾಗಿಲು ಮುಚ್ಚುತ್ತದೆ, ಊರು ನಾಲಿಗೆ ಮಸೆಯುತ್ತದೆ, ಹುಡುಗಿಗೆ ಬೇರೆ ಗಂಡು ಬರುವುದಿಲ್ಲ. ಇದನ್ನೆಲ್ಲ ದುಂಡೇಶ ಹೋದ ವಾರವೇ ಬೆರಳು ಮಡಚಿ ಎಣಿಸಿದ್ದ. ಮಗಳು ಹೇಗೆ ಸತ್ತಳು ಎಂಬುದು ಸಾವಿತ್ರೆವ್ವನಿಗೆ ಗೊತ್ತಿತ್ತು, ಆದರೆ ಗೊತ್ತಿರುವುದನ್ನು ಯಾರ ಮುಂದೆ ಏನು ಹಿಡಿದು ಹೇಳುವುದು? ಕಣ್ಣಿಂದ ಕಂಡಿರಲಿಲ್ಲ. ಹಾರ ಸಹ ಸರಿಸಿರಲಿಲ್ಲ.

ಭಾಗ್ಯಾಳನ್ನು ತಂದು ಚಾಪೆಯ ಮೇಲೆ ಕೂಡಿಸಿದರು. ಫೋನಿನಲ್ಲಿ ಕೆಂಪು ಗುರುತು ಹತ್ತಿದ ಕೂಡಲೇ ಸೋನಾಬಾಯಿಯ ಕಣ್ಣಿಂದ ನೀರು ಬಂತು. ಹೀಗೆ ಹೊತ್ತಿಗೆ ಸರಿಯಾಗಿ ನೀರು ಬರುವ ಕಣ್ಣು ದೇವರು ಎಲ್ಲರಿಗೂ ಕೊಡುವುದಿಲ್ಲ.

"ನಮಸ್ಕಾರ್ರಿ ಎಲ್ಲಾರಿಗೂ," ಅಮಿತ ಗಂಟಲು ಕಟ್ಟಿಸಿಕೊಂಡು ಶುರು ಮಾಡಿದ. "ನಿಮ್ಮ ವೈನಿ ನಮ್ಮನ್ನ ಬಿಟ್ಟ ಹೋದ್ರು. ಸಮಾಧಿಗೆ ಕರೀ ಗ್ರಾನೈಟ್ ಹೇಳೇನಿ, ಮುಂದಿನ ವಾರ ಶುಕ್ರವಾರ ಕೂಡಸ್ತೇವಿ, ಎಲ್ಲಾರೂ ಬರ್ರಿ. ಅಲ್ಲೇ ಒಂದ ಬೋರ್ಡನೂ ಇರತೈತಿ, ಫೋಟೊ ತಗಿಸ್ಕೋಬಹುದು. ಆದ್ರ ವೈನಿ ಸಾಯೂದಿಲ್ರಿ. ವೈನಿ ಇವತ್ತ ಮತ್ತ ಹುಟ್ಟ್ಯಾಳ." ಎಂದು ಫೋನನ್ನು ಭಾಗ್ಯಾಳ ಮುಖದ ಕಡೆ ತಿರುಗಿಸಿದ.

ಹನ್ನೊಂದು ಸಾವಿರ ಮಂದಿ ನೋಡುತ್ತಿದ್ದರು. ಹೃದಯಗಳು, ಮುಗಿದ ಕೈಗಳು ಪರದೆಯ ಮೇಲೆ ಗುಳ್ಳೆಯಂತೆ ಏಳುತ್ತಿದ್ದವು. 'ಸೇಮ್ ವೈನಿ' ಎಂದು ಒಬ್ಬ ಬರೆದ. 'ಅಕ್ಕಾ ಒಮ್ಮೆ ನಗ್ರಿ' ಎಂದು ಇನ್ನೊಬ್ಬ.

ಸೋನಾಬಾಯಿ ತಟ್ಟೆಯಿಂದ ಕೆಂಪು ವೆಲ್ವೆಟ್ಟಿನ ಡಬ್ಬಿ ತೆಗೆದಳು. "ಹೊಸಾದ ಮಾಡಸಬೇಕಂತಿದ್ವಿ. ಆದ್ರ ಅಕ್ಕನ ಬಂಗಾರ ತಂಗೀ ಕೊರಳಿಗೇ ಬರಬೇಕಲ್ರಿ," ಎಂದು ಡಬ್ಬಿ ತೆರೆದಳು. ಒಳಗೆ ಬೋರಮಾಳ ಇತ್ತು. ಬೋರೆಹಣ್ಣಿನಂಥ ಬಂಗಾರದ ಮಣಿಗಳನ್ನು ದಾರದಲ್ಲಿ ಪೋಣಿಸಿದ ಸರ.

ಅದು ಸಾವಿತ್ರೆವ್ವನ ತಾಯಿಯದು. ತಾಯಿಯಿಂದ ಸಾವಿತ್ರೆವ್ವನಿಗೆ, ಅವಳಿಂದ ಉಜ್ವಲಾಗೆ ಹೋದದ್ದು. ಇಪ್ಪತ್ತೆರಡು ವರ್ಷ ಅದನ್ನು ಕೊರಳಲ್ಲಿ ಹಾಕಿಕೊಂಡಿದ್ದವಳಿಗೆ ಅದರ ತೂಕ ಕತ್ತಲಲ್ಲೂ ತಿಳಿಯುತ್ತಿತ್ತು.

"ಕೊಡ್ರಿ ಇಲ್ಲೆ," ಎಂದಳು. ಸೋನಾಬಾಯಿ ಕೊಟ್ಟಳು. ತಾಯಿ ತನ್ನ ಕೈಯಾರೆ ಹಾಕಿದರೆ ಲೈವಿನಲ್ಲಿ ಇನ್ನೂ ಚಂದ ಎಂದುಕೊಂಡಿರಬೇಕು.

ದಾರ ಹೊಸದಾಗಿತ್ತು. ಕೆಂಪು ರೇಷ್ಮೆ, ಕೆಳಗೆ ಹೊಸ ಗೊಂಡೆ. ಮಣಿಗಳನ್ನು ಸಾವಿತ್ರೆವ್ವ ಹೆಬ್ಬೆಟ್ಟಿನಿಂದ ಒಂದೊಂದಾಗಿ ತಳ್ಳಿದಳು. ನಡುವಿನ ನಾಲ್ಕು ಮಣಿಗಳ ಹತ್ತಿರ ಹೆಬ್ಬೆಟ್ಟು ನಿಂತಿತು. ಅವು ಅಕ್ಕಪಕ್ಕ ಚಪ್ಪಟೆಯಾಗಿದ್ದವು. ತೆಳುವಾದ ಬಂಗಾರದ ಒಳಗೆ ಅರಗು ತುಂಬಿರುತ್ತದೆ. ಆ ಅರಗು ಒಡೆದು ತೂತಿನಿಂದ ಅಂಗೈ ಮೇಲೆ ಕಂದು ಪುಡಿ ಉದುರಿತು.

"ಬೀಗತಿ, ಈ ಮಣಿ ಯಾಕ ಹಿಂಗ ಆಗ್ಯಾವು?"

"ಹಳೇ ಬಂಗಾರಲ್ರಿ, ಆಗ್ತಾವ."

"ದಾರ ಹೊಸಾದ ಐತಿ."

ಇಲ್ಲಿ ಸೋನಾಬಾಯಿಗೆ ತನ್ನ ಒಳ್ಳೆಯತನವನ್ನು ಹನ್ನೊಂದು ಸಾವಿರ ಮಂದಿಗೆ ಹೇಳುವ ಅವಕಾಶ ಸಿಕ್ಕಿತು. ಇನ್ನೊಬ್ಬರ ಮನೆಯ ಬಂಗಾರವನ್ನು ಗುಂಜಿ ತೂಕ ಕಡಿಮೆಯಾಗದಂತೆ ಕಾಯುವುದು ಅವರ ಮನೆತನದ ಹೆಮ್ಮೆ. ಮನುಷ್ಯರ ಬಗ್ಗೆ ಅಂಥ ನಿಯಮ ಇರಲಿಲ್ಲ.

"ನಾನ ಪೋಣಿಸ್ಕೊಂಡ ಬಂದೇನ್ರಿ, ಅಥಣಿಗೆ ಹೋಗಿ! ದಾರ ಹರದು ಮಣಿ ಎಲ್ಲಾ ಚೆಲ್ಲಾಪಿಲ್ಲಿ ಆಗಿದ್ದು. ಎಲ್ಲಾರೂ ಅಳಕೋತ ನಿಂತಿದ್ರು. ಬಂಗಾರದ ಕಡೆ ಯಾರ ಲಕ್ಷ್ಯಾನೂ ಇಲ್ಲ. ನಾ ಅಂದ್ನಿ, ಬೀಗರ ಬಂಗಾರ, ನಾಳೆ ನಮ್ಮ ಮ್ಯಾಲ ಮಾತ ಬರಬಾರದು. ಬ್ಯಾಟರಿ ಹಿಡದು ಮಂಚದ ಕೆಳಗ ತೂರಿದ್ನಿ, ಕಪಾಟ ಸರಿಸಿದ್ನಿ, ಒಂದೊಂದ ಆರಿಸಿದ್ನಿ. ಒಂದ ಮಣಿ ಕಡಿಮಿ ಇಲ್ಲ, ಬೇಕಾರ ಎಣಿಸ್ರಿ."

ಅಮಿತ ಪರದೆಯ ಮೇಲಿನ ಹೃದಯಗಳನ್ನು ನೋಡುತ್ತಿದ್ದ. ತಾಯಿಯ ಮಾತು ಅವನ ಕಿವಿಗೆ ಒಂದು ಕ್ಷಣ ತಡವಾಗಿ ಬಿತ್ತು. "ಆಯೀ," ಎಂದ.

"ಮಂಚದ ಕೆಳಗ," ಎಂದಳು ಸಾವಿತ್ರೆವ್ವ.

"ಹೌದ್ರಿ."

"ಜಳಕ ಮಾಡೂವಾಗ ಸತ್ಲು ಅಂದಿದ್ರಿ."

ಸೋನಾಬಾಯಿ ಬಾಯಿ ತೆರೆದಳು. "ಜಳಕದಾಗ ಹೌದು... ಕೊರಳಾಗಿತ್ತಲ್ರಿ, ಎಳಕೊಂಡ ಬರೂವಾಗ..."

"ಅರಗಿನ ಬಂಗಾರ ಕೊರಳಾಗ ಹಾಕ್ಕೊಂಡು ಬಿಸಿನೀರಿನ್ಯಾಗ ಯಾವಾಕಿ ಜಳಕ ಮಾಡ್ತಾಳ ಬೀಗತಿ? ಅರಗ ಕರಗತೈತಿ ಅಂತ ನಿಮಗ ಗೊತ್ತಿಲ್ಲೇನು? ನಾ ಇಪ್ಪತ್ತೆರಡು ವರ್ಷ ಗ್ವಾಡಿ ಮೊಳಿಗೆ ತೂಗಹಾಕಿ ಜಳಕ ಮಾಡೇನಿ. ಅಕೀಗೂ ಹಂಗ ಹೇಳಿ ಕಳಿಸೇನಿ. ಜಳಕ ಮಾಡಾಕಿದ್ರ ಇದು ಮೊಳಿಗೆ ಇರತಿತ್ತು. ಇದು ಕೊರಳಾಗ ಇದ್ದಾಗ ಹರದೈತಿ. ಮಂಚದ ಹತ್ರ ಹರದೈತಿ. ಅಮಿತ, ನಿನ್ನ ಬೆರಳು ತೋರ್ಸು, ಈ ನಾಕು ಮಣಿಗೆ ಹೊಂದತಾವೇನು ನೋಡೋಣ."

ಫೋನಿನಲ್ಲಿ ಹೃದಯಗಳು ಏಳುತ್ತಲೇ ಇದ್ದವು. 'ಅತ್ತೆ ಅಂದ್ರ ಹಿಂಗಿರಬೇಕು, ಬಂಗಾರ ಕಾಯ್ದು ಕೊಟ್ಟಾಳ' ಎಂದು ಯಾರೋ ಬರೆದಿದ್ದರು. ಹನ್ನೊಂದು ಸಾವಿರ ಜೋಡಿ ಕಿವಿಗಳಿಗೆ ಬಂಗಾರ ಎಂಬ ಒಂದೇ ಶಬ್ದ ಕೇಳಿಸಿತ್ತು.

ಅಮಿತ ಫೋನು ಕಿತ್ತುಕೊಂಡ. "ನೆಟವರ್ಕ ಪ್ರಾಬ್ಲೆಮ್ ಐತ್ರಿ," ಎಂದು ಪರದೆಗೆ ಹೇಳಿ ಬಂದ್ ಮಾಡಿದ. ಆಮೇಲೆ ಸಾವಿತ್ರೆವ್ವನ ಕಡೆ ತಿರುಗಿದ. ಅವನ ಮುಖದಲ್ಲಿ ಉಜ್ವಲಾ ಐದು ವರ್ಷ ನೋಡಿದ್ದು ಈಗ ಮೊದಲ ಸಲ ಅವಳ ತಾಯಿಗೆ ಕಂಡಿತು. ಅವನು ಒಂದು ಹೆಜ್ಜೆ ಮುಂದಿಟ್ಟ. ಭಾಗ್ಯಾ ಎದ್ದು ತಾಯಿಯ ಮುಂದೆ ನಿಂತಳು. ಅಷ್ಟಕ್ಕೇ ಅವನ ಕಾಲು ನಿಂತಿತು. ಎದುರಿಗೆ ಇಬ್ಬರು ಹೆಂಗಸರಿದ್ದರೆ, ಹೊರಗೆ ಓಣಿ ಇದ್ದರೆ, ಇಂಥವರ ಸಿಟ್ಟು ಅಷ್ಟರಲ್ಲೇ ಮುಗಿಯುತ್ತದೆ.

"ಕೊಡ್ ಅಕ್ಕಾ ಅದನ್ನ," ದುಂಡೇಶ ಕೈ ಚಾಚಿದ. "ಮಾತ ಬೆಳಸಬ್ಯಾಡ. ಹೋದಾಕಿ ಹೋದ್ಲು. ಮಣ್ಣ ಕೊಟ್ಟಾಗೈತಿ. ಇದ್ದಾಕಿ ಚಂದ ನೋಡು."

ಸಾವಿತ್ರೆವ್ವ ಬೋರಮಾಳವನ್ನು ಸೆರಗಿನ ತುದಿಗೆ ಗಂಟು ಹಾಕಿ ನಡುವಿಗೆ ಸಿಕ್ಕಿಸಿದಳು. "ಇದು ನಮ್ಮವ್ವಂದು. ಅಕಿ ನಿನಗೂ ಅವ್ವನ ಇದ್ಲು, ದುಂಡ್ಯಾ."

"ಸ್ಟೇಷನ್ ಮೆಟ್ಲ ಹತ್ತಿದಿ ಅಂದ್ರ ನನ್ನ ಮನಿ ಮೆಟ್ಲ ಮರತಬಿಡು."

"ಮರತೆ."

"ಭಾಗ್ಯಾನ ಯಾರ ಮಾಡ್ಕೋತಾರ?"

"ಯಾರೂ ಮಾಡ್ಕೊಳ್ಳದಿದ್ರ ಸಾಯಂಗಿಲ್ಲಲ್ಲ. ಮಾಡ್ಕೊಂಡಾಕಿ ಸತ್ತಾಳ."

ಸೋನಾಬಾಯಿ ಕಾರಿನಲ್ಲಿ ಕೂತು ಇನ್ನೂ ಹೇಳುತ್ತಿದ್ದಳು, "ಒಳ್ಳೇದ ಮಾಡಾಕ ಹೋದ್ನೆವಾ, ಒಂದೊಂದ ಮಣಿ ಆರಿಸಿ ತಂದ್ನಿ..." ತಾನು ಹೇಳಿದ್ದರಲ್ಲಿ ತಪ್ಪೇನು ಎಂಬುದು ಅವಳಿಗೆ ಪ್ರಾಮಾಣಿಕವಾಗಿಯೇ ತಿಳಿದಿರಲಿಲ್ಲ.

ಅವತ್ತೇ ಮಧ್ಯಾಹ್ನ ತಾಯಿ ಮಗಳು ಕಾಗವಾಡದ ಬಸ್ಸು ಹತ್ತಿದರು. ಕಾಮಣ್ಣ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆ ಬಂದ. "ಆಡಿಗೆ ನೀರ ಇಟ್ಟಿಲ್ಲ," ಎಂದ. ಬಸ್ಸು ಹೊರಡುವಾಗ ಏನೋ ನೆನಪಾದವನಂತೆ ತಾನೂ ಹತ್ತಿದ.

ಠಾಣೆಯಲ್ಲಿ ಸಾಹೇಬರು ಬೋರಮಾಳವನ್ನು ಬೆಳಕಿಗೆ ಹಿಡಿದು ನೋಡಿದರು. ಇದೊಂದರಿಂದ ಏನೂ ಆಗುವುದಿಲ್ಲ, ಮಾತು ಕೇಳಿದವರು ಬೇಕು ಎಂದರು. ದುಂಡೇಶನಿಗೆ ಫೋನು ಹೋಯಿತು. ತನಗೆ ಶೀತವಾಗಿ ಕಿವಿ ಕಟ್ಟಿತ್ತು, ಏನೂ ಕೇಳಿಸಲಿಲ್ಲ ಎಂದ. ಅಮಿತ ಲೈವ್ ಅಳಿಸಿ ಹಾಕಿದ್ದ. ಆದರೆ ವೈನಿಯ ಭಕ್ತರಲ್ಲಿ ಒಬ್ಬ ಅದನ್ನು ಇಳಿಸಿಕೊಂಡು, ಕೆಳಗೆ ಅಳುವ ಸಂಗೀತ ಸೇರಿಸಿ, 'ತಾಯಿಯಂಥ ಅತ್ತೆ' ಎಂದು ತಲೆಬರಹ ಕೊಟ್ಟು ಹಾಕಿದ್ದ. ಭಾಗ್ಯಾ ಅದನ್ನು ಹುಡುಕಿ ಸಾಹೇಬರ ಮೇಜಿನ ಮೇಲಿಟ್ಟಳು. ಸಂಗೀತದ ನಡುವೆ ಸೋನಾಬಾಯಿಯ ದನಿ ಸ್ವಚ್ಛವಾಗಿತ್ತು: ಮಂಚದ ಕೆಳಗ ತೂರಿದ್ನಿ. ಸಾಹೇಬರು ಎರಡು ಸಲ ಕೇಳಿದರು.

"ನೀವೂ ಅಲ್ಲೇ ಇದ್ರೇನು?" ಎಂದು ಕಾಮಣ್ಣನನ್ನು ಕೇಳಿದರು.

ಕಾಮಣ್ಣ ಟವೆಲ್ಲಿನ ಅಂಚು ಎಳೆದ. ಹೆಂಡತಿಯನ್ನು ನೋಡಲಿಲ್ಲ. "ಇದ್ದೆರಿ. ಕೇಳೇನ್ರಿ," ಎಂದ. ಆಮೇಲೆ ತಾನಾಗಿಯೇ, "ಸೋಮವಾರ ಬರ್ತಾಳ ಅನ್ನೂದ ನಾನ ಹೇಳಿದ್ದೆರಿ ಮೈದುನಗ," ಎಂದು ಸೇರಿಸಿದ. ಅದನ್ನು ಯಾರೂ ಕೇಳಿರಲಿಲ್ಲ. ಬರೆದುಕೊಳ್ಳುತ್ತಿದ್ದವನು ಅದನ್ನೂ ಬರೆದುಕೊಂಡ.

ಮಣ್ಣು ಮಾಡಿದ ಹೆಣ ತೆಗೆಯಲು ಚಿಕ್ಕೋಡಿಯಿಂದ ಉಪವಿಭಾಗದ ಸಾಹೇಬರ ಆದೇಶ ಬೇಕಿತ್ತು. ಮುಂದಿನ ವಾರ ತಾಯಿ ಮಗಳು ಎರಡು ದಿನ ಕಚೇರಿಯ ಬೇವಿನ ಕೆಳಗೆ ಕೂತರು. ಶುಕ್ರವಾರ ಬೆಳಿಗ್ಗೆ ತೋಟದ ಮೂಲೆಗೆ ಗ್ರಾನೈಟಿನ ಲಾರಿ ಬಂದಾಗ ತಹಶೀಲ್ದಾರರ ಜೀಪು ಆಗಲೇ ಬಂದು ನಿಂತಿತ್ತು. ಬಟ್ಟೆ ಕಟ್ಟಿ ಮರೆ ಮಾಡಿದರು. ಮರೆಯ ಹೊರಗೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಫೋನು ಎತ್ತಿ ಹಿಡಿದಿದ್ದರು. ಧರೆಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಸಾಲಿನ ಮೇಲೆ ಕಾಲಿಡಬೇಡಿರಿ ಎಂದು ಪೊಲೀಸರಿಗೆ ಎರಡು ಸಲ ಹೇಳಿ ಕಳಿಸಿದ. ಡಾಕ್ಟರು ಹೊರಗೆ ಬಂದು ಕೈಗವಸು ಕಳಚುತ್ತ ತಹಶೀಲ್ದಾರರ ಕಿವಿಯಲ್ಲಿ ಏನೋ ಹೇಳಿದರು. ಗಂಟಲಿನ ಎಲುಬು ಮುರಿದಿದೆ ಎಂದು ಸಾವಿತ್ರೆವ್ವನಿಗೆ ಆಮೇಲೆ ಭಾಗ್ಯಾ ತಿಳಿಸಿದಳು. ಅವಳು ಓದುತ್ತಿದ್ದ ಪುಸ್ತಕದಲ್ಲಿ ಆ ಎಲುಬಿನ ಚಿತ್ರ ಇತ್ತು.

ಅಮಿತನನ್ನು ಮಣೂಕ ಒಣಗಿಸುವ ಶೆಡ್ಡಿನ ಹಿಂದಿನಿಂದ ಹಿಡಿದು ತಂದರು. ಓಡುವುದಕ್ಕೂ ಅವನಿಂದ ಆಗಿರಲಿಲ್ಲ. ಜೀಪು ಹತ್ತುವಾಗ ಯಾರದೋ ಫೋನು ತನ್ನ ಕಡೆ ತಿರುಗಿದ್ದು ಕಂಡು, ರೂಢಿಯ ಬಲದಿಂದ, ಕೂದಲು ಸರಿ ಮಾಡಿಕೊಂಡ.

ಮರುದಿನ ಮೂವರೂ ತಿರುಗಿ ಹೊರಟರು. ಬಸ್ಸು ಕುಡಚಿಯ ಹೊಳೆ ದಾಟಿ ರಾಯಬಾಗಕ್ಕೆ ಬಂದಾಗ ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಹತ್ತಿ ಕೂತಳು. ಮಣಿಕಟ್ಟಿನವರೆಗೆ ತೋಳಿನ ಕುಪ್ಪಸ ತೊಟ್ಟಿದ್ದಳು. ಕೂತ ಕೂಡಲೇ ಫೋನು ತೆಗೆದಳು. ಸೋನಾಬಾಯಿಯ ದನಿ ಬಸ್ಸಿನ ತುಂಬ ಕೇಳಿತು. ಮಗನ ಫೋನು ಪೊಲೀಸರ ಹತ್ತಿರ ಇದ್ದರೂ ಅವಳು ಬೇರೆ ಯಾವುದೋ ಫೋನಿನಿಂದ 'ತೋಟದ ವೈನಿ'ಯೊಳಗೆ ಹೊಕ್ಕಿದ್ದಳು: "ನನ್ನ ಮಗಾ ದೇವರಂಥಾಂವ್ರಿ. ನಮ್ಮ ಮನಿ ಮುರ್ಯಾಕ ನಿಂತಾರ್ರಿ..."

"ಪಾಪ, ನಾಕು ಲಕ್ಷ ಮಂದಿ ಆಗ್ಯಾರ ಈಕೀಗೆ," ಎಂದಳು ಆ ಹೆಂಗಸು, ಯಾರಿಗೆ ಎಂದಿಲ್ಲದೆ. "ಸೊಸಿ ಇದ್ದಾಗ ಮೂರ ಇತ್ತು."

ಅವಳು ಮುಂದಕ್ಕೆ ಬಾಗಿ ಭಾಗ್ಯಾಳ ಮುಖ ನೋಡಿದಳು. ಫೋನು ನೋಡಿದಳು. ಮತ್ತೆ ಮುಖ ನೋಡಿದಳು.

"ಅಯ್ಯ! ನೀ ತಂಗಿ ಅಲ್ಲೇನವಾ? ಅವತ್ತ ಲೈವಿನ್ಯಾಗ ಇದ್ದಾಕಿ? ನೀನ ವೈನಿ ಆಗಾಕಿ ಇದ್ದಿ ಅಂತಲ್ಲ. ತಡಿ, ಒಂದ ಫೋಟೊ ಹೊಡಕೊಳ್ಳೋಣು."

ಅವಳು ಆಗಲೇ ತೋಳು ಚಾಚಿ ಫೋನು ಮೇಲೆತ್ತಿದ್ದಳು. ಸಾವಿತ್ರೆವ್ವ ಎದ್ದು ನಿಂತು, ಆ ಫೋನಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಕೆಳಗೆ ಒತ್ತಿದಳು.

"ಈಕಿ ಯಾರ ವೈನೀನೂ ಅಲ್ಲ," ಎಂದಳು.

"ಸಿಟ್ಯಾಕ ಮಾಡ್ತೀರಿ? ಒಂದ ಫೋಟೊ ಕೇಳಿದ್ನಿ."

"ಕೇಳಬ್ಯಾಡ."

ಹೆಂಗಸು ಗೊಣಗಿಕೊಂಡು ಮುಂದಿನ ಬಾಗಿಲ ಹತ್ತಿರದ ಸೀಟಿಗೆ ಹೋಗಿ ಕೂತಳು. ಅಲ್ಲಿಂದಲೂ ಒಮ್ಮೆ ಫೋನು ಎತ್ತಿದಳು. ಸಾವಿತ್ರೆವ್ವ ನೋಡುತ್ತಿರುವುದು ಕಂಡು ಇಳಿಸಿದಳು. ಕಾಮಣ್ಣ ತನ್ನ ಜಾಗದಿಂದ ಎದ್ದು ಬಂದು ಇಬ್ಬರ ಹಿಂದಿನ ಖಾಲಿ ಸೀಟಿನಲ್ಲಿ ಕೂತ.

ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಭೋಜಿಗೆ ಇನ್ನೂ ದೂರವಿತ್ತು. ಭಾಗ್ಯಾ ಚೀಲ ತೆಗೆದುಕೊಂಡು ಎದ್ದಳು.

"ಈಗ ಇಳೀತಿಯೇನವಾ?" ಕಾಮಣ್ಣ ಕೇಳಿದ. "ಮನಿಗೆ ಬಂದು ನಾಕ ದಿನ ಬಿಟ್ಟ ಬರಬಹುದಿತ್ತು."

"ಮಂಗಳವಾರ ಪರೀಕ್ಷಾ ಐತಿ ಅಪ್ಪಾ."

ಸಾವಿತ್ರೆವ್ವ ಕಿಟಕಿಯಿಂದ ನೋಡುತ್ತಿದ್ದಳು. ಮಗಳು ಸ್ಟ್ಯಾಂಡಿನ ಗದ್ದಲದೊಳಗೆ ಇಳಿದು, ಒಮ್ಮೆಯೂ ತಿರುಗಿ ನೋಡದೆ, ಹಾಸ್ಟೆಲಿನ ಕಡೆಯ ರಸ್ತೆ ಹಿಡಿದಳು.